ಮೋರ್‌ಪಂಖಿಗೆ ಹೊಯ್ದ ನೀರು

ಅಣ್ಣು ಪೂಜಾರಿಯವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ಸೊಸೆ ಲಾವಣ್ಯಾ ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. "ಏ" ಅಂದರೆ ಶೀಲಾವತಿ ಬರಬೇಕು. ಎರಡನೇ ಸಲ "ಏ" ಅನ್ನುವಷ್ಟು ತಡವಾದರೆ ಕೈಗೆ ಸಿಕ್ಕಿದ ಲೋಟವೋ ತಟ್ಟೆಯೋ ಅಡುಗೆಮನೆಯ ಕಡೆ ಹಾರಿ ಬರುತ್ತಿತ್ತು. ಅದೇ ಮನುಷ್ಯ ಬೆಳಗಾದರೆ ಅಂಗಳದ ಗಿಡದ ಮುಂದೆ ಸ್ಟೂಲು ಹಾಕಿಕೊಂಡು ಕೂತು, "ಏನು ಮಗಾ, ಮೈಯೆಲ್ಲ ಧೂಳಾಯ್ತಾ? ತಡಿ, ತೊಳಿತೇನೆ" ಎಂದು ಮಾತಾಡುತ್ತಿದ್ದರು.

ಕುರ್ಲಾದ ನೆಹರೂ ನಗರದಲ್ಲಿ ಅವರದು ಗ್ರೌಂಡ್ ಫ್ಲೋರಿನ ಮನೆ. ಕಿಟಕಿಯಾಚೆ ಕಂಪೌಂಡಿನವರೆಗೆ ನಾಲ್ಕು ಹೆಜ್ಜೆಯಷ್ಟು ಅಂಗಳ. ಅಲ್ಲಿ ಶೀಲಾವತಿಯ ಕರಿಬೇವು, ಮಲ್ಲಿಗೆ, ತುಳಸಿ ಒಂದು ಬದಿಗೆ. ಇನ್ನೊಂದು ಬದಿಗೆ, ಬಿಸಿಲು ಚೆನ್ನಾಗಿ ಬೀಳುವಲ್ಲಿ, ಸಿಮೆಂಟಿನ ಕುಂಡದಲ್ಲಿ ಅಣ್ಣುವಿನ ಮೋರ್‌ಪಂಖಿ. ನವಿಲುಗರಿಯ ಹಾಗೆ ಚಪ್ಪಟೆಯಾಗಿ ನಿಂತ ಎಲೆ, ವರ್ಷವಿಡೀ ಹಸಿರು, ಎಷ್ಟು ವರ್ಷ ಸಾಕಿದರೂ ಎದೆಮಟ್ಟ ದಾಟದ ಕುಳ್ಳು ಜಾತಿ. ವಿದ್ಯೆ ಬರುತ್ತದೆಂದು ಶಾಲೆಯ ಮಕ್ಕಳು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಎಲೆ. ಬಿಲ್ಡಿಂಗಿನ ಒಬ್ಬ ಹುಡುಗಿ ಹಾಗೆ ಒಂದು ಎಲೆ ಚಿವುಟಿದ್ದಕ್ಕೆ ಅಣ್ಣು ಅವಳ ಕಿವಿ ಹಿಡಿದು ಮೂರನೇ ಮಹಡಿಯವರೆಗೆ ಎಳೆದುಕೊಂಡು ಹೋಗಿ ಅವಳ ಅಮ್ಮನ ಮುಂದೆ ನಿಲ್ಲಿಸಿದ್ದರು.

ಮಾಟುಂಗದಲ್ಲಿ ಅವರು ಆಯುಷ್ಯವಿಡೀ ದುಡಿದ ಹೋಟೆಲು ಮುಚ್ಚಿದ ದಿನ, ಬಾಗಿಲ ಪಕ್ಕದಲ್ಲಿದ್ದ ಕುಂಡವನ್ನು ತೋರಿಸಿ ಧಣಿಗಳು "ಬೇಕಾದರೆ ತಕ್ಕೊಂಡು ಹೋಗು" ಅಂದಿದ್ದರು. ಅಣ್ಣು ಅದನ್ನು ಟ್ಯಾಕ್ಸಿಯಲ್ಲಿ ತಂದರು. ಹೆರಿಗೆಯಾದ ಹೆಂಡತಿಯನ್ನು ಲೋಕಲ್ ರೈಲಿನಲ್ಲಿ ಕರೆದುಕೊಂಡು ಬಂದವರು ಗಿಡಕ್ಕೆ ಟ್ಯಾಕ್ಸಿ ಮಾಡಿದರು ಎಂದು ಶೀಲಾವತಿ ಲಾವಣ್ಯಾಳಿಗೆ ಒಮ್ಮೆ ಹೇಳಿದ್ದರು, ಕಾಯಿ ತುರಿಯುತ್ತ, ತಲೆ ಎತ್ತದೆ.

ಆ ಗಿಡಕ್ಕೆ ಅವರು ಮಾಡುತ್ತಿದ್ದ ಆರೈಕೆ ಮಾತ್ರ ಸುಳ್ಳಲ್ಲ. ಬೆರಳನ್ನು ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿದ ಮೇಲೆಯೇ ನೀರು. ಭಾನುವಾರ ಭಾನುವಾರ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು, ಎಲ್ಲ ಮೈಗೂ ಬಿಸಿಲು ಸಿಗಬೇಕು. ಒಳಗೆ ಒಣಗಿದ ಎಲೆಯನ್ನು ಬೆರಳಿನಿಂದಲೇ ಉದುರಿಸಬೇಕು. ಕತ್ತರಿ ಹಸಿರು ತುದಿಗಷ್ಟೇ. ಹಸಿರು ದಾಟಿ ಕಡ್ಡಿಗೆ ಕತ್ತರಿ ಇಟ್ಟರೆ ಅಲ್ಲಿ ಮತ್ತೆ ಚಿಗುರಿಲ್ಲ. "ಮಲ್ಲಿಗೆ ಬಾಯಾರಿದರೆ ಬಾಡಿ ತೋರಿಸ್ತದೆ. ಇದು ತೋರಿಸುದಿಲ್ಲ. ಒಳಗೆ ಸತ್ತಿದ್ದರೂ ತಿಂಗಳುಗಟ್ಟಲೆ ಹಸಿರೇ ಇರ್ತದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮೀನು ತೊಳೆದ ನೀರನ್ನು ಅದರ ಹತ್ತಿರ ತರಲೇಬಾರದು. ಕರಾವಳಿಯ ಮನೆಗಳಲ್ಲಿ ಮೀನಿನ ನೀರು ಗಿಡಗಳಿಗೆ ಮೃಷ್ಟಾನ್ನ. ಈ ಗಿಡಕ್ಕೆ ಮಾತ್ರ ವಿಷ ಎಂದು ಅಣ್ಣುವಿನ ತೀರ್ಪು.

ಜುಲೈಯಲ್ಲಿ, ಮಳೆ ಹೊಡೆದು ಲೋಕಲ್ ನಿಂತ ಒಂದು ಬೆಳಿಗ್ಗೆ ಅಣ್ಣು ಬಾತ್‌ರೂಮಿನಲ್ಲಿ ಬಿದ್ದರು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಎಲ್ಲ ತಿಳಿಯುತ್ತಿತ್ತು, ಬಾಯಿಂದ ಮಾತ್ರ "ಬೇ… ಬೇ…" ಎಂಬೊಂದೇ ಸದ್ದು ಹೊರಡುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಇಬ್ಬರಿಲ್ಲದೆ ಅವರನ್ನು ಮಗ್ಗುಲು ತಿರುಗಿಸಲಾಗುತ್ತಿರಲಿಲ್ಲ. ಮಗ ಪ್ರಶಾಂತ ದಾದರಿನ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರಿನವನು. ಮಂಗಳವಾರ ಬಿಟ್ಟರೆ ಅವನಿಗೆ ರಜೆಯಿಲ್ಲ. ಲಾವಣ್ಯಾ ಪವಾಯಿಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದವಳು ರಜೆ ಹಾಕಿ ಮನೆಯಲ್ಲಿ ನಿಂತಳು. "ಜನವರಿಯವರೆಗೆ ಹೇಗಾದರೂ ನಡೆಸ್ತೇವೆ, ಲಾವಣ್ಯಾ. ಆಮೇಲೆ ಬೇರೆಯವರನ್ನು ತಗೊಳ್ಳದೆ ನಿರ್ವಾಹ ಇಲ್ಲ" ಎಂದು ಅಲ್ಲಿಯ ಮೇಡಂ ಹೇಳಿದ್ದರು.

ಮಂಗಳವಾರದ ಊಟದಲ್ಲಿ ಲಾವಣ್ಯಾ ಗಂಡನನ್ನು ಕೇಳಿದಳು.

"ಜನವರಿಗೆ ನಾನು ಹೋಗ್ಬಹುದಲ್ಲ?"

"ಅಪ್ಪ ಎದ್ದು ವಾಕರ್ ಹಿಡ್ಕೊಂಡು ಬಾತ್‌ರೂಮಿಗೆ ಹೋಗುವ ಹಾಗಾದ್ರೆ ಹೋಗು. ಅಮ್ಮ ಒಬ್ಬಳೇ ನೋಡಿಕೊಳ್ತಾಳೆ."

"ಆಗದಿದ್ರೆ?"

"ಆಗದಿದ್ರೆ ಏನು ಮಾಡುದು ಮಾರಾಯ್ತಿ? ಅಮ್ಮನಿಗೆ ಅರವತ್ತಾರು. ಎತ್ತಿ ಹಾಕಲಿಕ್ಕೆ ಅವಳಿಗೆ ಆಗ್ತದಾ?"

ಶೀಲಾವತಿ ಮಗನ ತಟ್ಟೆಗೆ ಇನ್ನೊಂದು ಬಂಗುಡೆ ಹಾಕಿದರು. "ಊಟ ಮಾಡುವಾಗ ಆಫೀಸು ಯಾಕೆ," ಅಂದರು.

ಫಿಸಿಯೋಥೆರಪಿಗೆ ಬರುತ್ತಿದ್ದವಳು ಮರಾಠಿ ಹುಡುಗಿ. ಒಂದು ತಿಂಗಳು ಒದ್ದಾಡಿದಳು. ಅಣ್ಣು ಕಾಲು ಅಲುಗಿಸಲಿಲ್ಲ, ಎಡಗೈಯಿಂದ ಅವಳ ಕೈಯನ್ನು ತಳ್ಳಿದರು, ಉಗಿದರು. ಒಂದು ದಿನ ಹೊರಡುವಾಗ ಅವಳು ಲಾವಣ್ಯಾಳ ಹತ್ತಿರ, "ವಹಿನೀ, ಆಜೋಬಾರಿಗೆ ಯಾವುದಾದರೂ ಇಷ್ಟದ ವಸ್ತು ಇಲ್ಲವಾ?" ಎಂದು ಕೇಳಿದಳು. ಲಾವಣ್ಯಾ ಕಿಟಕಿಯ ಪರದೆ ಸರಿಸಿ ಗಿಡ ತೋರಿಸಿದಳು.

ಅದೇ ಸಂಜೆ ವಾಚ್‌ಮನ್‌ನನ್ನು ಕರೆದು ಕುಂಡವನ್ನು ಕಿಟಕಿಯ ಬುಡಕ್ಕೆ ಎಳೆಸಿದಳು, ಕೆಳಗೆ ಎರಡು ಸಾಲು ಇಟ್ಟಿಗೆ ಇಡಿಸಿದಳು. ಈಗ ಕುರ್ಚಿಯಲ್ಲಿ ಕೂತರೆ ಸರಳಿನ ನಡುವೆ ಕೈ ಹಾಕಿ ಕೆಳಗಿನ ಎಲೆ ಮುಟ್ಟಬಹುದು. ತುದಿ ಮುಟ್ಟಬೇಕಾದರೆ ಎದ್ದು ನಿಲ್ಲಬೇಕು.

ಮರುದಿನ ಅಣ್ಣು ಕುರ್ಚಿಯಲ್ಲಿ ಕೂರಲು ತಕರಾರು ಮಾಡಲಿಲ್ಲ. ಎಡಗೈಯನ್ನು ಸರಳಿನಾಚೆ ಚಾಚಿ ಒಂದೊಂದೇ ಒಣ ಎಲೆ ಉದುರಿಸಿದರು. ಫಿಸಿಯೋ ಹುಡುಗಿ ಅವರ ಬಲ ಮೊಣಕಾಲಿಗೆ ಕೈ ಕೊಟ್ಟು "ವರ್, ಆಜೋಬಾ, ವರ್" ಎಂದು ಮೇಲೇಳಲು ಹೇಳಿದಳು. ಅವರು ಏಳಲು ನೋಡಿದರು. ಪೃಷ್ಠ ಕುರ್ಚಿಯಿಂದ ಒಂದು ಗೇಣು ಮೇಲೆದ್ದು ಮತ್ತೆ ಬಿತ್ತು. ಲಾವಣ್ಯಾ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವನ ಮೇಲಿನ ಪ್ರೀತಿಗಲ್ಲ, ಆಫೀಸಿನ ಬಸ್ಸು ನೆನಪಾಗಿ.

"ಇನ್ನು ಗಿಡಕ್ಕೆ ನೀರು ನಾನೇ ಹಾಕ್ತೇನೆ," ಎಂದು ಶೀಲಾವತಿ ಅಂದದ್ದು ಆ ವಾರವೇ. "ನಿನಗೆ ಬೇರೆ ಕೆಲಸ ಬೇಕಾದಷ್ಟುಂಟು."

ಲಾವಣ್ಯಾಳಿಗೆ ಆಶ್ಚರ್ಯವೂ ಆಯಿತು, ಖುಷಿಯೂ ಆಯಿತು.

ದಿನಾ ಹನ್ನೊಂದು ಗಂಟೆಗೆ ಶೀಲಾವತಿ ಸೆರಗು ಸಿಕ್ಕಿಸಿಕೊಂಡು, ಸ್ಟೀಲಿನ ಚೆಂಬು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಕಿಟಕಿಯೊಳಗೆ ಗಂಡ, ಹೊರಗೆ ಹೆಂಡತಿ, ನಡುವೆ ಗಿಡ. ಬುಡದ ಸುತ್ತ ನಿಧಾನವಾಗಿ ಹೊಯ್ಯುತ್ತಿದ್ದರು, ಗಂಡನ ಮುಖ ನೋಡುತ್ತ. ಅಣ್ಣು ಸರಳು ಹಿಡಿದು "ಬೇ… ಬೇ…" ಎನ್ನುತ್ತಿದ್ದರು.

ಬಿಲ್ಡಿಂಗಿನ ಮೆಟ್ಟಿಲು ಗುಡಿಸುವ ಸುಂದ್ರವ್ವ ವಿಜಯಪುರದ ಕಡೆಯವಳು. ಪೊರಕೆಗೆ ಆನಿಕೊಂಡು ನಿಂತು ನೋಡಿದಳು.

"ಅಮ್ಮಾರ, ನಿಮ್ಮಂಥಾಕಿನ್ನ ನಾ ಎಲ್ಲೂ ನೋಡಿಲ್ಲ ನೋಡ್ರಿ. ಗಂಡನ್ನೂ ತೊಳೀತೀರಿ, ಗಂಡನ ಗಿಡಾನೂ ತೊಳೀತೀರಿ."

"ಅವರ ಜೀವ ಇದರಲ್ಲೇ ಉಂಟಲ್ಲ ಸುಂದ್ರವ್ವ."

"ಬೇ ಬೇ ಅಂತಾರಲ್ರೀ, ಏನಂತ?"

"ಬೇಗ ಬೇಗ ಹಾಕು ಅಂತ," ಅಂದರು ಶೀಲಾವತಿ. "ಮೊದಲಿಂದಲೂ ಅವಸರ ಅವರಿಗೆ."

ಸುಂದ್ರವ್ವ ನಕ್ಕಳು. ಅಣ್ಣು ಹಣೆಯಿಂದ ಸರಳನ್ನು ಗುದ್ದಿದರು.

ಅಂದು ಸ್ನಾನದ ಹೊತ್ತಿಗೆ, ಇಬ್ಬರೂ ಸೇರಿ ಅವರನ್ನು ಒಳಗೆ ಕೂರಿಸಿ ಲಾವಣ್ಯಾ ಹೊರಗೆ ಬಂದ ಮೇಲೆ, ಬಾತ್‌ರೂಮಿನ ಬಾಗಿಲ ಹಿಂದಿನಿಂದ ಶೀಲಾವತಿಯ ಮಾತು ಕೇಳಿತು. "ಬಿಸಿ ಆಯ್ತಾ? ಸ್ವಲ್ಪ ತಡ್ಕೊಳ್ಳಿ. ಗಂಡಸಲ್ವಾ." ಆಮೇಲೆ ಅಣ್ಣುವಿನ ಒಂದು ಸದ್ದು, ನಾಯಿಮರಿಯ ಬಾಲ ಮೆಟ್ಟಿದಂತೆ. ಪಾತ್ರೆ ತೊಳೆಯುತ್ತಿದ್ದ ಲಾವಣ್ಯಾ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಮತ್ತೇನೂ ಕೇಳಲಿಲ್ಲ. ನಲ್ಲಿ ಬಿಟ್ಟಳು.

ಅಕ್ಟೋಬರಿನ ಬಿಸಿಲಿನಲ್ಲಿ ಅಣ್ಣು ನಿಲ್ಲತೊಡಗಿದರು. ಮೊದಲು ಎರಡು ಉಸಿರು, ಆಮೇಲೆ ನಾಲ್ಕು. ಎಡಗೈ ಗಿಡದ ಅರ್ಧದವರೆಗೆ ಹೋಗುತ್ತಿತ್ತು. ಎಂಟನೇ ಕ್ಲಾಸಿನ ಮೊಮ್ಮಗಳು ನಿಶ್ಮಿತಾ ಮೊಬೈಲಿನಲ್ಲಿ ಅದನ್ನು ತೆಗೆದು ಅಪ್ಪನಿಗೆ ಕಳಿಸಿದಳು. "ಪಪ್ಪಾ ದೇಖೋ, ಅಜ್ಜ ಸ್ಟ್ಯಾಂಡಿಂಗ್ ಮಾಡ್ತಾರೆ." ಪ್ರಶಾಂತ ಹೋಟೆಲಿನವರಿಗೆಲ್ಲ ತೋರಿಸಿದನಂತೆ. ಲಾವಣ್ಯಾ ಪವಾಯಿಗೆ ಫೋನು ಮಾಡಿ, "ಮೇಡಂ, ಜನವರಿಗೆ ಗ್ಯಾರಂಟಿ" ಅಂದಳು.

ಆ ದಿನಗಳಲ್ಲೇ ಅವಳಿಗೆ ಕಲ್ಲುಪ್ಪಿನ ಡಬ್ಬಿ ಖಾಲಿಯಾದದ್ದು ಕಂಡದ್ದು. ಹೊಸ ಪೊಟ್ಟಣ ಒಡೆದು ತುಂಬಿ ಹೆಚ್ಚು ದಿನ ಆಗಿರಲಿಲ್ಲ.

"ಅತ್ತೆ, ಉಪ್ಪು ಇಷ್ಟು ಬೇಗ ಮುಗಿಯಿತಾ?"

"ಮೀನು ಉಜ್ಜಲಿಕ್ಕೆ ಬೇಡವಾ? ಈಗಿನ ಮೀನಿಗೆ ಐಸಿನ ವಾಸನೆ."

ಸರಿ ಎಂದು ಲಾವಣ್ಯಾ ಸುಮ್ಮನಾದಳು. ಆದರೆ ಕಣ್ಣು ಸುಮ್ಮನಿರಲಿಲ್ಲ. ಮೀನು ತೊಳೆಯುವುದನ್ನು ಅವಳೂ ಹುಟ್ಟಿದಾಗಿನಿಂದ ನೋಡಿದವಳೇ. ಹೊಟ್ಟೆ ತೆಗೆದು ಮೊದಲು ತೊಳೆದ ನೀರು, ರಕ್ತ ಹುರುಪೆಯದ್ದು, ಗಿಡಗಳಿಗೆ. ಉಪ್ಪು ಹಾಕಿ ಉಜ್ಜಿದ ನೀರು ಮೋರಿಗೆ. ಉಪ್ಪಿನ ನೀರನ್ನು ಯಾವ ಹೆಂಗಸೂ ಗಿಡಕ್ಕೆ ಹಾಕುವುದಿಲ್ಲ. ಮರುದಿನ ಅವಳು ಬಟ್ಟೆ ಒಣಹಾಕುವ ನೆಪದಲ್ಲಿ ಅಂಗಳದಲ್ಲಿ ನಿಂತಳು. ಮೊದಲಿನ ಕೆಂಪು ನೀರು ಕರಿಬೇವಿಗೆ ಹೋಯಿತು. ಎರಡನೆಯ ಬೆಳ್ಳನೆಯ ನೀರನ್ನು ಶೀಲಾವತಿ ಚೆಂಬಿಗೆ ಬಗ್ಗಿಸಿ, ಬೆರಳಿನಲ್ಲಿ ಕದಡಿ, ಮೋರ್‌ಪಂಖಿಯ ಬುಡಕ್ಕೆ ಹೊಯ್ದರು. ಹೊಯ್ಯುವ ಮೊದಲು ಚೆಂಬನ್ನು ಎತ್ತಿ ಕಿಟಕಿಯೊಳಗೆ ಗಂಡನಿಗೆ ತೋರಿಸಿದರು.

ಸೋಮವಾರ ಮನೆಯಲ್ಲಿ ಮೀನಿಲ್ಲ. ಅಂದು ಶೀಲಾವತಿ ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯ ಭರಣಿ ತೆಗೆದು, ಅದರ ನೀರನ್ನೇ ಚೆಂಬಿಗೆ ಬಗ್ಗಿಸಿದರು. ಲಾವಣ್ಯಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಅದನ್ನು ಹಾಕ್ಬೇಡಿ ಅತ್ತೆ."

ಶೀಲಾವತಿ ಅವಳನ್ನು ನೋಡಿದರು. ಬೆಚ್ಚಲಿಲ್ಲ. "ಗೊತ್ತಾಯ್ತಾ? ಒಳ್ಳೇದಾಯ್ತು. ಬಾಗಿಲು ಬಿಡು."

"ಅವರು ಅದನ್ನು ನೋಡಿ ಎದ್ದು ನಿಲ್ತಿದ್ದಾರೆ. ಅದು ಹೋದ್ರೆ ಅವರು ಮತ್ತೆ ಮಲಗ್ತಾರೆ."

"ನನಗೂ ಅದು ಗೊತ್ತುಂಟು."

"ಹಾಗಾದ್ರೆ ಯಾಕೆ?"

ಶೀಲಾವತಿ ಚೆಂಬನ್ನು ಕಟ್ಟೆಯ ಮೇಲಿಟ್ಟು ಮಣೆ ಎಳೆದು ಕೂತರು. ಬೀನ್ಸು ಮುರಿಯುತ್ತ ಹೇಳಿದರು.

"ನಿನ್ನ ಮದುವೆಗಿಂತ ಎರಡು ವರ್ಷ ಮೊದಲು. ನನಗೆ ಗೊತ್ತಿರಲಿಲ್ಲ ಮಾರಾಯ್ತಿ, ಎಲ್ಲ ಗಿಡಕ್ಕೂ ಹಾಕುದಲ್ವಾ ಅಂತ ಮೀನಿನ ನೀರು ಇದಕ್ಕೂ ಹಾಕಿದೆ. ಅವರು ಸ್ಟೇಷನ್ನಿಂದ ಬಂದರು, ವಾಸನೆ ನೋಡಿದರು. ಒಳಗೆ ಹೋಗಿ ಮೀನಿನ ಬೋಗುಣಿ ತಂದು ನನ್ನ ತಲೆ ಮೇಲೆ ಹೊಯ್ದರು. ಇಲ್ಲೇ ಕೂರು, ಏಳ್ಬೇಡ, ಗಿಡಕ್ಕೆ ಹೇಗಾಗ್ತದೆ ಅಂತ ನಿನಗೂ ಗೊತ್ತಾಗ್ಲಿ ಅಂದರು. ಕೂತೆ. ಆಫೀಸಿಂದ ಬರುವವರು, ಮಕ್ಕಳು, ಎಲ್ಲ ನೋಡಿಕೊಂಡು ಹೋದರು. ಕೂದಲಲ್ಲಿ ಹುರುಪೆ, ನೊಣ. ನಿನ್ನ ಗಂಡ ಬಂದ. ನನ್ನನ್ನು ದಾಟಿ ಒಳಗೆ ಹೋದ. ಅವನಿಗೂ ಹೆದರಿಕೆ, ಪಾಪ."

ಈ ಕಥೆಯನ್ನು ಪ್ರಶಾಂತ ಲಾವಣ್ಯಾಳಿಗೆ ಹೇಳಿರಲಿಲ್ಲ.

"ಅದೊಂದೇ ಅಂತ ತಿಳಿಬೇಡ. ಅದು ಸಣ್ಣದು."

"ಸಿಟ್ಟು ಅವರ ಮೇಲಲ್ವಾ ಅತ್ತೆ? ನಾನೇನು ಮಾಡಿದೆ? ನನ್ನ ಕೆಲಸ ಹೋಗ್ತದೆ."

"ಹೋಗ್ಲಿ. ನೀನು ಬೆಳಿಗ್ಗೆ ಬ್ಯಾಗು ಹಾಕ್ಕೊಂಡು ಹೊರಟರೆ ನಾನು, ಅವರು, ನಾಲ್ಕು ಗೋಡೆ. ಅವರಿಗೆ ಕೈ ಬಂತು ಅಂತಿಟ್ಟುಕೋ, ಮೊದಲು ಏಳುದು ಯಾರ ಮೇಲೆ? ನಿನ್ನ ಮೇಲಾ?"

"ನಾನು ನಿಮ್ಮ ಮಗನ ಹತ್ರ ಹೇಳ್ತೇನೆ."

"ಹೇಳು." ಶೀಲಾವತಿಯ ಸ್ವರ ಏರಲಿಲ್ಲ. "ಹೇಳಿದ ದಿನದಿಂದ ಅವರ ಸ್ನಾನ, ಕಕ್ಕಸು ಎಲ್ಲ ನಿನ್ನದು. ನಾನು ಮುಟ್ಟುದಿಲ್ಲ. ಮಗನಿಗೆ ಹೇಳ್ತೇನೆ, ನನ್ನ ಸೊಂಟ ಹೋಯ್ತು ಅಂತ. ಆಮೇಲೆ ನೀನು ಪವಾಯಿಗೆ ಹೋಗುದು ಹೇಗೆ ಅಂತ ನೋಡುವ."

ಲಾವಣ್ಯಾ ಬಾಗಿಲು ಬಿಟ್ಟಳು.

ಅವಳು ಹೇಳಲಿಲ್ಲ. ಆ ಮಂಗಳವಾರ ಪ್ರಶಾಂತ ಎದುರಿಗೆ ಕೂತು ಉಣ್ಣುವಾಗ ಮಾತು ನಾಲಿಗೆಯವರೆಗೆ ಬಂತು. "ಎಂತ ಆಯ್ತು ನಿನಗೆ?" ಎಂದು ಅವನೇ ಕೇಳಿದ. "ಏನಿಲ್ಲ, ತಲೆನೋವು," ಅಂದಳು. ಡಿಸೆಂಬರ್ ಮುಗಿದರೆ ಸಾಕಿತ್ತು ಅವಳಿಗೆ. ಗಿಡ ಅಷ್ಟು ದಿನ ಹಸಿರಾಗಿರಲಿ, ಮಾವ ವಾಕರ್ ಹಿಡಿಯುವವರೆಗೆ. ಆಮೇಲೆ ಅದು ಸತ್ತರೆ ಸಾಯಲಿ.

ಶೀಲಾವತಿ ಗುರುವಾರ ಮಧ್ಯಾಹ್ನ ಮಾಟುಂಗಕ್ಕೆ ಭಜನೆಗೆ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಲಾವಣ್ಯಾ ನಲ್ಲಿಗೆ ಪೈಪು ಸಿಕ್ಕಿಸಿ ಕುಂಡಕ್ಕೆ ನೀರು ಬಿಟ್ಟಳು. ಉಪ್ಪೆಲ್ಲ ಕರಗಿ ತಳದ ತೂತಿನಿಂದ ಹರಿದುಹೋಗಲಿ ಎಂದು ಬಿಟ್ಟಳು. ನೀರು ಅಂಗಳ ತುಂಬಿ ಗೇಟಿನ ತನಕ ಹೋಯಿತು. ಅಣ್ಣು ಕಿಟಕಿಯಲ್ಲಿ ಕೂತು ನೋಡಿದರು. "ಬೇ" ಅನ್ನಲಿಲ್ಲ. ಒಮ್ಮೆ ಸರಳಿನಿಂದ ಕೈ ಹೊರಗೆ ಹಾಕಿ ಅವಳ ಹೆಗಲು ಮುಟ್ಟಿದರು. ಲಾವಣ್ಯಾಳಿಗೆ ಅಷ್ಟು ವರ್ಷದಲ್ಲಿ ಅವರಿಂದ ಸಿಕ್ಕಿದ್ದು ಅದೊಂದೇ.

ಶಾಲೆಯಿಂದ ಬಂದ ನಿಶ್ಮಿತಾ ಚೀಲ ಹೊತ್ತುಕೊಂಡೇ ಗೇಟಿನಲ್ಲಿ ನಿಂತಳು. "ಮಮ್ಮಿ, ಇತ್ನಾ ಪಾನಿ? ಸೊಸೈಟಿ ಅಂಕಲ್ ಬೈತಾರೆ."

"ನೀನು ಒಳಗೆ ಹೋಗು. ಅಜ್ಜಿ ಹತ್ರ ಹೇಳ್ಬೇಡ."

ಮೂರು ಗುರುವಾರ ಹೀಗೆ ನಡೆಯಿತು. ಉಳಿದ ದಿನ ಶೀಲಾವತಿಯ ಚೆಂಬು ತನ್ನ ಕೆಲಸ ಮಾಡಿತು. ಗಿಡದಲ್ಲಿ ಒಂದು ಎಲೆಯೂ ಬಾಡಲಿಲ್ಲ. ದೀಪಾವಳಿಗೆ ಅದರ ಬುಡದಲ್ಲಿ ಲಾವಣ್ಯಾ ಹಣತೆ ಇಟ್ಟಳು. ನವೆಂಬರಿನ ಕೊನೆಗೆ ಅಣ್ಣು ಸರಳು ಹಿಡಿದು ನಿಂತು ತುದಿಗೆ ನಾಲ್ಕು ಬೆರಳಷ್ಟೇ ಬಾಕಿ ಇರುವವರೆಗೆ ಕೈ ಚಾಚಿದರು. "ಇನ್ನೊಂದು ವಾರ, ವಹಿನೀ. ಆಮೇಲೆ ವಾಕರ್ ಕೊಡೋಣ," ಎಂದು ಫಿಸಿಯೋ ಹುಡುಗಿ ಅಂದಳು.

ಆ ವಾರದಲ್ಲೇ ಗಿಡ ತಿರುಗಿತು. ಬೆಳಿಗ್ಗೆ ಲಾವಣ್ಯಾ ಪರದೆ ಸರಿಸಿದಾಗ ಒಂದು ಬದಿ ತುಕ್ಕಿನ ಬಣ್ಣ. ಎರಡು ದಿನ ಕಳೆದು ಎಲ್ಲ ಬದಿಯೂ ಹಾಗೇ. ಅಣ್ಣು ಎಡಗೈ ಹಾಕಿ ಒಂದು ಗರಿ ಹಿಡಿದರು. ಅದು ಕೈಯಲ್ಲೇ ಪುಡಿಯಾಯಿತು. ಅವರು ಮುಷ್ಟಿ ಬಿಚ್ಚಿ ಆ ಪುಡಿಯನ್ನು ನೋಡಿದರು. ಆಮೇಲೆ ತೊಡೆಯ ಮೇಲಿದ್ದ ಉಪ್ಪಿಟ್ಟಿನ ತಟ್ಟೆ ಗೋಡೆಗೆ ಹೋಯಿತು. ನೀರಿನ ಲೋಟ ಹೋಯಿತು. ಫಿಸಿಯೋ ಹುಡುಗಿ ಬಂದಾಗ ಅವಳ ಮುಂಗೈ ಕಚ್ಚಿದರು.

ಮಂಗಳವಾರ ಪ್ರಶಾಂತ ಅಂಗಳಕ್ಕೆ ಇಳಿದು ಗಿಡ ಅಲ್ಲಾಡಿಸಿದ. ಅದು ಬೇರುಸಮೇತ ಕುಂಡದಿಂದ ಕಿತ್ತು ಕೈಗೆ ಬಂತು.

"ಇಪ್ಪತ್ತು ವರ್ಷ ಇದ್ದ ಗಿಡ. ನಾಲ್ಕು ತಿಂಗಳು ನೋಡಿಕೊಳ್ಳಲಿಕ್ಕೆ ಆಗಲಿಲ್ಲ ನಿಮಗೆ. ಯಾರು ಏನು ಹಾಕಿದ್ರಿ ಇದಕ್ಕೆ?"

"ನಾನು ದಿನಾ ಒಂದು ಚೆಂಬು ನೀರು," ಅಂದರು ಶೀಲಾವತಿ. "ಸುಂದ್ರವ್ವನನ್ನು ಬೇಕಾದ್ರೆ ಕೇಳು. ಆದರೆ ನಾನು ಭಜನೆಗೆ ಹೋದಾಗ ಇಲ್ಲಿ ಏನು ನಡೀತಿತ್ತೋ ನನಗೆ ಗೊತ್ತಿಲ್ಲ. ಅಂಗಳ ಎಲ್ಲ ಕೆಸರು ಇರ್ತಿತ್ತು."

"ಲಾವಣ್ಯಾ?"

"ಪೈಪಿನಿಂದ ತೊಳೆದೆ," ಅಂದಳು ಲಾವಣ್ಯಾ. "ಯಾಕೆ ತೊಳೆದೆ ಅಂತ ಅತ್ತೆಯನ್ನು ಕೇಳಿ. ಅವರು ಉಪ್ಪು ಹಾಕ್ತಿದ್ರು."

"ಉಪ್ಪಾ?"

"ಮೀನು ಉಜ್ಜಿದ ಉಪ್ಪಿನ ನೀರು. ದಿನಾ. ಅವರೇ ನನ್ನ ಹತ್ರ ಒಪ್ಪಿಕೊಂಡಿದ್ದಾರೆ."

"ನೋಡು ಮಗಾ," ಶೀಲಾವತಿ ಮಗನ ಕಡೆ ತಿರುಗಿದರು. "ಆ ಗಿಡಕ್ಕೆ ಮೀನಿನ ನೀರು ಹಾಕಿದವಳು ಏನಾದಳು ಅಂತ ನೀನು ನೋಡಿದ್ದೀಯಲ್ಲ. ನಾನು ಇನ್ನೊಮ್ಮೆ ಹಾಕುವವಳಾ?"

ಪ್ರಶಾಂತ ತಲೆ ತಗ್ಗಿಸಿದ. ಆ ಸಂಜೆ ಅಮ್ಮನನ್ನು ದಾಟಿ ಹೋದ ಕಾಲುಗಳು ಅವನವೇ. ಆಮೇಲೆ ಮಗಳನ್ನು ಕರೆದ. "ನಿಶೂ, ಮಮ್ಮಿ ಪೈಪು ಬಿಡುದು ನೋಡಿದ್ದೀಯಾ ನೀನು?"

ನಿಶ್ಮಿತಾ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಹಾಂ. ಬಹುತ್ ಪಾನಿ. ಗೇಟ್ ತಕ್. ಅಜ್ಜಿಗೆ ಹೇಳ್ಬೇಡ ಅಂತ ಮಮ್ಮಿ ಹೇಳಿದ್ರು."

"ಹೇಳ್ಬೇಡ ಅಂದಳಾ?"

"ಹಾಂ."

"ಅಪ್ಪನಿಗೆ ಎಲ್ಲ ಗೊತ್ತುಂಟು," ಅಂದಳು ಲಾವಣ್ಯಾ. "ಕಿಟಕಿಯಲ್ಲೇ ಕೂತು ನೋಡಿದ್ದಾರೆ. ಅವರನ್ನೇ ಕೇಳಿ."

ಪ್ರಶಾಂತ ಅಪ್ಪನ ಕುರ್ಚಿಯ ಮುಂದೆ ಮೊಣಕಾಲೂರಿ ಕೂತ. "ಅಪ್ಪಾ, ಗಿಡ ಕೊಂದದ್ದು ಯಾರು? ಕೈ ತೋರಿಸಿ. ಹೆದರಬೇಡಿ."

ಶೀಲಾವತಿ ಗಂಡನ ಹಿಂದೆ ನಿಂತಿದ್ದರು. ಜೊಲ್ಲು ಒರೆಸುವ ಬಟ್ಟೆಯಿಂದ ಅವರ ಗಲ್ಲ ಒರೆಸಿದರು, ಆಮೇಲೆ ಅಂಗೈಯನ್ನು ಅವರ ಬೋಳು ನೆತ್ತಿಯ ಮೇಲೆ ಇಟ್ಟರು. ಮಗುವಿಗೆ ಎಣ್ಣೆ ಹಚ್ಚುವಾಗ ಇಡುವ ಹಾಗೆ. "ಹೇಳಿ, ಮಗ ಕೇಳ್ತಿದ್ದಾನೆ," ಅಂದರು. "ಸ್ನಾನಕ್ಕೆ ಹೊತ್ತಾಯ್ತು."

ಅಣ್ಣುವಿನ ಕಣ್ಣುಗಳು ಲಾವಣ್ಯಾಳ ಮೇಲೆ ನಿಂತವು. ಅವುಗಳಲ್ಲಿ ನೀರಿತ್ತು. ಎಡಗೈ ತೊಡೆಯಿಂದ ಮೇಲೆದ್ದಿತು. ಬೆರಳು ಸೊಸೆಯನ್ನು ತೋರಿಸಿತು.

ಪ್ರಶಾಂತ ಎದ್ದ. ಬೈಯಲಿಲ್ಲ, ಹೊಡೆಯುವ ಮಾತಂತೂ ಇಲ್ಲ. ಅವನು ಅಪ್ಪನ ಹಾಗಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. "ಆಫೀಸಿಗೆ ಹೋಗ್ಬೇಕು ಅಂತ ನಿನಗೆ ಅಷ್ಟು ಅವಸರ ಇದ್ದರೆ," ಅಂದ, "ನನ್ನ ಹತ್ರ ಹೇಳ್ಬಹುದಿತ್ತು. ಮುದುಕನ ಮೇಲೆ ಯಾಕೆ ಸೇಡು?"

"ಅವಸರ ಇದ್ದರೆ ನಾನು ಅದನ್ನು ಉಳಿಸಬೇಕಲ್ವಾ? ಯಾಕೆ ಕೊಲ್ಲಲಿ? ಸ್ವಲ್ಪ ಯೋಚನೆ ಮಾಡಿ."

"ಅಪ್ಪನೇ ತೋರಿಸಿದ ಮೇಲೆ ಯೋಚನೆ ಎಂತದು," ಎಂದು ಅವನು ಶರ್ಟು ಹಾಕಿಕೊಂಡು ಹೊರಗೆ ಹೋದ. ಆ ದಿನ ಅವನಿಗೆ ರಜೆಯಿತ್ತು.

ಅಣ್ಣು ಮತ್ತೆ ನಿಲ್ಲಲಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ಒಂದು ಬದಿಗೆ ವಾಲುತ್ತಿದ್ದರು. ಫಿಸಿಯೋ ಹುಡುಗಿ ಎರಡು ವಾರ ಬಂದು ಬಿಟ್ಟುಬಿಟ್ಟಳು. ಬಾಡಿಗೆಗೆ ತಂದ ವಾಕರ್ ಪ್ಲಾಸ್ಟಿಕ್ಕಿನಲ್ಲೇ ಬಾಗಿಲ ಹಿಂದೆ ನಿಂತಿತ್ತು. ಅದರ ಮೇಲೆ ನಿಶ್ಮಿತಾ ಟವೆಲು ಒಣಹಾಕುತ್ತಿದ್ದಳು. ಸಂಕ್ರಾಂತಿಯ ಹಿಂದಿನ ದಿನ ಲಾವಣ್ಯಾ ತಾನೇ ಪವಾಯಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಮೇಡಂ, "ಗ್ಯಾರಂಟಿ ಅಂದಿದ್ದಿರಲ್ಲ" ಎಂದು ಕೇಳಿದರು. ಲಾವಣ್ಯಾ ಹೌದೆಂದಳು.

ಸಂಕ್ರಾಂತಿ ಕಳೆದು ಶೀಲಾವತಿ ಟ್ರಂಕು ಇಳಿಸಿದರು.

"ಕಾಪುವಿನಲ್ಲಿ ತಂಗಿಯ ಮನೆಗೆ ಹೋಗಿ ಬರ್ತೇನೆ. ಅವಳ ಮದುವೆಯಾದ ಮೇಲೆ ನಾನು ಆ ಮನೆಯ ಬಾಗಿಲು ನೋಡಿಲ್ಲ. ಇವರು ಕಳಿಸಿದ್ರೆ ತಾನೇ."

"ಎಷ್ಟು ದಿನ ಅಮ್ಮ?" ಎಂದು ಪ್ರಶಾಂತ ಕೇಳಿದ.

"ಮಳೆಗೆ ಮೊದಲು ಬರ್ತೇನೆ. ಲಾವಣ್ಯಾ ಇದ್ದಾಳಲ್ಲ ಈಗ, ಮನೆಯಲ್ಲೇ."

ಅವರು ಹೊಸ ಸೀರೆ ಉಟ್ಟು, ದಾರಿಗೆ ಬುತ್ತಿ ಕಟ್ಟಿಕೊಂಡು, ಗಂಡನ ಮಂಚದ ಹತ್ತಿರ ಬಂದರು. "ಬರ್ತೇನೆ. ಲಾವಣ್ಯಾ ಹೇಳಿದ ಹಾಗೆ ಕೇಳಿ," ಅಂದರು. ಅಣ್ಣು ಅವರ ಸೆರಗನ್ನು ಎಡಗೈಯಲ್ಲಿ ಹಿಡಿದುಕೊಂಡರು. ಶೀಲಾವತಿ ಒಂದೊಂದೇ ಬೆರಳು ಬಿಡಿಸಿದರು, ನೋವಾಗದ ಹಾಗೆ. ಗೇಟಿನಲ್ಲಿ ಸುಂದ್ರವ್ವ ಅವರ ಕಾಲು ಮುಟ್ಟಿ, "ಗಂಡನ್ನ ಬಿಟ್ಟು ಹೋಗಾಕ ಹೆಂಗ ಮನಸ್ಸ ಬಂತ್ರೀ ಅಮ್ಮಾರ" ಎಂದು ಕಣ್ಣೀರು ಹಾಕಿದಳು.

ಮೊದಲ ದಿನ ಲಾವಣ್ಯಾ ಗಂಜಿ ತಂದಾಗ ಅಣ್ಣು ಬಾಯಿ ಮುಚ್ಚಿ ಗೋಡೆಯ ಕಡೆ ಮುಖ ತಿರುಗಿಸಿದರು. ಅವಳು ಒತ್ತಾಯ ಮಾಡಲಿಲ್ಲ. ಬಟ್ಟಲನ್ನು ಎತ್ತಿಕೊಂಡು ಹೋದಳು. ರಾತ್ರಿಯೂ ಹಾಗೇ ಆಯಿತು. "ಅಪ್ಪ ಊಟ ಮಾಡಿದ್ರಾ?" ಎಂದು ಪ್ರಶಾಂತ ಕೇಳಿದಾಗ, "ಬೇಡ ಅಂದ್ರು" ಅಂದಳು. ಅದು ನಿಜವೇ ಆಗಿತ್ತು.

ಎರಡನೆಯ ದಿನ ಮಧ್ಯಾಹ್ನ ಅವಳು ಬಟ್ಟಲು ಹಿಡಿದು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಅಣ್ಣು ಅವಳನ್ನು ನೋಡಿದರು. ಗಂಜಿಯನ್ನು ನೋಡಿದರು. ನಿಧಾನವಾಗಿ ಬಾಯಿ ತೆರೆದರು, ಗೂಡಿನ ಮರಿಯ ಹಾಗೆ. ಒಳಗೆ ಬೆಳ್ಳಗಾದ ನಾಲಿಗೆ ಕಂಡಿತು. ಟಿವಿಯಲ್ಲಿ ಅವಳು ಮದುವೆಗೆ ಮೊದಲಿನಿಂದ ನೋಡುತ್ತ ಬಂದ ಧಾರಾವಾಹಿಯ ಮಧ್ಯಾಹ್ನದ ಮರುಪ್ರಸಾರ ನಡೆಯುತ್ತಿತ್ತು. ಚಮಚವನ್ನು ಬಟ್ಟಲಿನಲ್ಲೇ ಇಟ್ಟು, ರಿಮೋಟ್ ತೆಗೆದು ಲಾವಣ್ಯಾ ಸದ್ದು ಹೆಚ್ಚಿಸಿದಳು.

ನಿಶ್ಮಿತಾ ಶಾಲೆಯಿಂದ ಬಂದು ಬೂಟು ಬಿಚ್ಚಿದಳು. ಕೈಕಾಲು ತೊಳೆದುಕೊಂಡು ಬಂದಳು.

"ಮಮ್ಮಿ, ಅಜ್ಜನ ಬಾಯಿ ಓಪನ್ ಇದೆ."

"ಇರಲಿ," ಅಂದಳು ಲಾವಣ್ಯಾ. "ಜಾಹೀರಾತು ಬರಲಿ."